ಒಂಬತ್ತು ತಿಂಗಳು ಅಂದರೆ ಎಷ್ಟು ದಿನ?

ಕಳೆದ ವಾರ ನನ್ನ ಥೀಸಿಸ್ ಸಲ್ಲಿಸಿದೆ. ಐದು ಪ್ರತಿ, ಕಪ್ಪು ರಟ್ಟು, ಬಂಗಾರದ ಅಕ್ಷರ. ಪುಣೆಯ ಅಪ್ಪಾ ಬಳವಂತ ಚೌಕದ ಹತ್ತಿರ ಬೈಂಡಿಂಗ್ ಮಾಡಿಸಿ, ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಎರಡು ದಿನ ನಿದ್ದೆ ಮಾಡಿ ಎದ್ದ ಮೇಲೆ ಅನಿಸಿತು, ಇದನ್ನು ಬರೆದಿಡಬೇಕು. ನನ್ನ ಹಿಂದೆ ಬರುವವರು ಇದೇ ಹಳ್ಳಕ್ಕೆ ಬೀಳುವುದು ಬೇಡ.

ವಿಷಯ ಸಣ್ಣದು. ಪುಣೆಯ ವಾಕಡ, ಹಿಂಜೇವಾಡಿ ಕಡೆ ಕಟ್ಟಡದ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿ, ವಿಜಯಪುರದ ಕುಟುಂಬಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಸರಿಯಾದ ಹೊತ್ತಿಗೆ ಬೀಳುತ್ತಿದೆಯಾ ಅಂತ ನೋಡುವುದು. ನಾನು ಹುಬ್ಬಳ್ಳಿಯವಳು, ಭಾಷೆಯ ತೊಂದರೆ ಇರಲಿಲ್ಲ. 318 ಫಾರ್ಮು ತುಂಬಿಸಿದೆ. ಪ್ರತಿ ಫಾರ್ಮಿನಲ್ಲಿ ಹುಟ್ಟಿದ ತಾರೀಖು, ಒಂದೊಂದು ಲಸಿಕೆಯ ತಾರೀಖು, ನಾನು ಹೋದ ದಿನದ ತಾರೀಖು. ಇವುಗಳಿಂದ 'ಲಸಿಕೆ ಹಾಕಿಸಿದಾಗ ಮಗುವಿಗೆ ಎಷ್ಟು ವಯಸ್ಸು' ಅನ್ನುವ ಹೊಸ ಕಾಲಮ್ಮುಗಳನ್ನು ತೆಗೆಯಬೇಕು. ಕಳೆಯುವ ಲೆಕ್ಕ ಅಷ್ಟೇ, ಅಲ್ವಾ? ಮೂರು ದಿನದ ಕೆಲಸ ಅಂದುಕೊಂಡಿದ್ದೆ. ತಿಂಗಳುಗಟ್ಟಲೆ ಹಿಡಿಯಿತು.

ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ. ಅದಕ್ಕೆ ಏಳು ವಾರ ಕಾದೆ. ಅವರು ಹಾಕಿದ ಒಂದು ಷರತ್ತು ಕೊನೆವರೆಗೂ ನನ್ನ ಬೆನ್ನು ಬಿಡಲಿಲ್ಲ: ಕೊನೆಯಲ್ಲಿ ಕೊಡುವ ಫೈಲಿನಲ್ಲಿ ಯಾರದೇ ಹುಟ್ಟಿದ ತಾರೀಖು ಇರಬಾರದು. ಇಂತಿಷ್ಟು ದಿನದ ವಯಸ್ಸು ಅಂತ ಮಾತ್ರ ಇರಬೇಕು. ಅಂದರೆ ಲೆಕ್ಕ ಒಮ್ಮೆ ತಪ್ಪಿದರೆ ಆಮೇಲೆ ಆ ಫೈಲು ನೋಡುವ ಯಾರಿಗೂ ಸರಿ ಮಾಡಲು ಆಗುವುದಿಲ್ಲ.

ಫಾರ್ಮುಗಳನ್ನು ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ಹಾಕಲು ಒಂದು ಝೆರಾಕ್ಸ್ ಅಂಗಡಿಯ ಹುಡುಗನಿಗೆ ಕೊಟ್ಟೆ. ಫಾರ್ಮಿಗೆ 10 ರೂಪಾಯಿ, ಒಟ್ಟು 3,180. ಹುಡುಗ ಚುರುಕು. ನಾನು 10/08/2022 ಅಂತ ಬರೆದಿದ್ದನ್ನು ಅವನೂ ಹಾಗೇ ಹೊಡೆದ. ತಪ್ಪು ಅವನದಲ್ಲ. ಆ ಕಂಪ್ಯೂಟರಿನಲ್ಲಿ ತಾರೀಖಿನ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು, ದಿನ ಆಮೇಲೆ. ನನಗೆ ಅದು ಗೊತ್ತೇ ಇರಲಿಲ್ಲ.

ನವೆಂಬರಿನಲ್ಲಿ ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ತೆರೆದು ಫೈಲು ಓದಿಸಿದೆ. ಆರ್ ಪುಕ್ಕಟೆ ಸಿಗುತ್ತದೆ, ದುಡ್ಡು ಕೊಡುವ ಸಾಫ್ಟ್‌ವೇರ್ ಬೇಕಿಲ್ಲ. ಹುಟ್ಟಿದ ತಾರೀಖಿನ ಕಾಲಮ್ಮಿನಲ್ಲಿ ಕೆಲವು ಸಾಲುಗಳು 25/08/2022 ಅಂತ ನೆಟ್ಟಗಿವೆ. ಕೆಲವು ಸಾಲುಗಳಲ್ಲಿ ಬರೀ 44842 ಥರದ ಸಂಖ್ಯೆ. 'ಇದನ್ನು ತಾರೀಖು ಮಾಡು' ಅಂತ ಆರ್‌ಗೆ ಹೇಳಿದೆ. ಮಗು ಹುಟ್ಟಿದ್ದು 2092ರ ಅಕ್ಟೋಬರ್ 9ಕ್ಕೆ ಅಂತ ಉತ್ತರ ಬಂತು. ಹಾಸ್ಟೆಲಿನ ಗೆಳತಿ ನಕ್ಕಳು, "ನಿನ್ನ ಮೊಮ್ಮಕ್ಕಳ ಥೀಸಿಸ್ಸಿಗೆ ಈಗಲೇ ಡೇಟಾ ರೆಡಿ."

ಕಾರಣ ಇದು. ಕಂಪ್ಯೂಟರಿಗೆ ತಾರೀಖು ಅಂದರೆ ಒಂದು ದಿನದಿಂದ ಎಣಿಸಿದ ಸಂಖ್ಯೆ. ಯಾವ ದಿನದಿಂದ ಅನ್ನುವುದು ಒಬ್ಬೊಬ್ಬರದು ಒಂದೊಂದು. ಎಕ್ಸೆಲ್‌ಗೆ 1900ರ ಜನವರಿ 1 ಅಂದರೆ 1. ಆರ್‌ಗೆ 1970ರ ಜನವರಿ 1 ಅಂದರೆ 0. ಸಾಸ್ ಅನ್ನುವ ಇನ್ನೊಂದು ಅಂಕಿಅಂಶದ ಸಾಫ್ಟ್‌ವೇರಿಗೆ 1960ರ ಜನವರಿ 1 ಅಂದರೆ 0. ಅದೇ ಥರದ ಎಸ್‌ಪಿಎಸ್‌ಎಸ್ ಅಂತೂ 1582ರ ಅಕ್ಟೋಬರಿನಿಂದ ಸೆಕೆಂಡು ಎಣಿಸುತ್ತಾ ಕೂತಿದೆ. ಸಾಲದ್ದಕ್ಕೆ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಅಂತ ಇಲ್ಲದ ದಿನವೊಂದಿದೆ. ಹಳೆಯ ಲೋಟಸ್ ಪ್ರೋಗ್ರಾಮಿನ ತಪ್ಪನ್ನು ಹೊಂದಾಣಿಕೆಗೋಸ್ಕರ ಹಾಗೇ ಉಳಿಸಿಕೊಂಡಿದ್ದು. ಅದಕ್ಕೇ ಎಕ್ಸೆಲ್ ಸಂಖ್ಯೆಯನ್ನು ಆರ್‌ಗೆ ಕೊಡುವಾಗ ಶುರುವಿನ ದಿನ 1899-12-30 ಅಂತ ಹೇಳಬೇಕು. ಹೇಳಿದೆ. 44842 ಈಗ 2022ರ ಅಕ್ಟೋಬರ್ 8 ಆಯಿತು. ಖುಷಿಯಾಗಿ ಚಹಾ ಕುಡಿದು ಬಂದೆ.

ಖುಷಿ ಒಂದು ವಾರ ಬಾಳಿತು. ಆ ಮಗುವಿನ ದಡಾರ-ರುಬೆಲ್ಲಾ ಲಸಿಕೆಯ ತಾರೀಖು ಹೀಗೇ ತಿರುಗಿಸಿದಾಗ 2023ರ ಅಕ್ಟೋಬರ್ 5 ಬಂತು. ನಾನು ಆ ಮನೆಗೆ ಹೋಗಿದ್ದು ಜುಲೈನಲ್ಲಿ! ಇನ್ನೂ ಹಾಕದ ಸೂಜಿಯ ತಾರೀಖನ್ನು ಜುಲೈನಲ್ಲೇ ಹೇಗೆ ಬರೆದುಕೊಂಡೆ? ಅಷ್ಟು ಹೊತ್ತಿಗೆ ನಾನು ಇನ್ನೊಂದು ಕಾಲಮ್ಮು ತೆಗೆದಿದ್ದೆ, ಲಸಿಕೆ ಬಿದ್ದ ವಾರ ಯಾವುದು ಅಂತ. ಆ ಕುಟುಂಬವಿದ್ದ ಕೆಲಸಗಾರರ ಕ್ಯಾಂಪಿಗೆ ಲಸಿಕೆ ಹಾಕುವ ಸಿಸ್ಟರ್ ಬರುವುದು ಬುಧವಾರ ಮಾತ್ರ. ನನ್ನ ಕಾಲಮ್ಮಿನಲ್ಲಿ ಗುರುವಾರ, ಶನಿವಾರ, ಭಾನುವಾರ ಎಲ್ಲ ಇದ್ದವು. ಭಾನುವಾರ ತಗಡಿನ ಶೆಡ್ಡಿಗೆ ಬಂದು ಸೂಜಿ ಹಾಕುವ ಸಿಸ್ಟರ್ ಯಾರಪ್ಪಾ ಅಂತ ತಲೆ ಕೆರೆದುಕೊಂಡೆ.

ಮೂಲ ಫಾರ್ಮು ಹುಡುಕಿ ತೆಗೆದೆ. ಹುಟ್ಟಿದ್ದು 10/08/2022, ಲಸಿಕೆ 10/05/2023. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಓಟಿನ ದಿನ' ಅಂತ ನಾನೇ ಬರೆದಿದ್ದೆ. ನೆನಪಾಯಿತು. ಆ ತಾಯಿ ಹೇಳಿದ್ದಳು, "ಗಂಡ ಓಟಿಗಿ ಊರಿಗಿ ಹೋಗಿದ್ದ್ರಿ, ನಾ ಒಬ್ಬಾಕಿನೇ ಹೋಗಿ ಹಾಕಿಸ್ಕೊಂಡ್ ಬಂದೆ." 2023ರ ಮೇ 10, ಕರ್ನಾಟಕದ ವಿಧಾನಸಭೆ ಮತದಾನದ ದಿನ. ಬುಧವಾರ! ಅಂಗಡಿಯ ಕಂಪ್ಯೂಟರ್ 10/05 ಅನ್ನುವುದನ್ನು ಅಕ್ಟೋಬರ್ 5 ಅಂತ ಓದಿಕೊಂಡು ಸಂಖ್ಯೆ ಮಾಡಿಟ್ಟಿತ್ತು. 25/08 ಬಂದಾಗ 25ನೇ ತಿಂಗಳು ಇಲ್ಲವಲ್ಲ, ಅದನ್ನು ಸುಮ್ನೆ ಅಕ್ಷರ ಅಂತ ಬಿಟ್ಟುಬಿಟ್ಟಿತು. ಹಾಗಾಗಿ, 05/05 ಥರ ದಿನ-ತಿಂಗಳು ಒಂದೇ ಅಂಕಿ ಇದ್ದವನ್ನು ಬಿಟ್ಟರೆ ಸಂಖ್ಯೆಯಾಗಿದ್ದ ಎಲ್ಲಾ ಸಾಲುಗಳೂ ತಪ್ಪು, ಅಕ್ಷರವಾಗಿ ಉಳಿದವೆಲ್ಲ ಸರಿ.

ಇದನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ಕಂಪ್ಯೂಟರ್ 'ತಾರೀಖು' ಅಂತ ಒಪ್ಪಿಕೊಂಡ ಸಾಲುಗಳಲ್ಲಿ ದಿನದ ಅಂಕಿ ಮಾತ್ರ ಬೇರೆ ತೆಗೆದು ಎಣಿಸಿ. 1ರಿಂದ 12ರವರೆಗೆ ಮಾತ್ರ ಇದ್ದು, 13ರಿಂದ 31ರವರೆಗೆ ಒಂದೂ ಇಲ್ಲ ಅಂದರೆ ದಿನ-ತಿಂಗಳು ಅದಲುಬದಲಾಗಿವೆ ಅಂತಲೇ ಲೆಕ್ಕ. ನಾನು ಅದಲುಬದಲು ತಿರುಗಿಸಿದ್ದೂ ಆಯಿತು, ನಂಬಿಕೆ ಸಾಲದೆ ತಾರೀಖಿನ ಕಾಲಮ್ಮುಗಳನ್ನಷ್ಟೇ ಮತ್ತೊಮ್ಮೆ ಹೊಡೆಸಿದ್ದೂ ಆಯಿತು. ಫಾರ್ಮಿಗೆ 4 ರೂಪಾಯಿ, 1,272. ಈ ಸಲ ದಿನ, ತಿಂಗಳು, ವರ್ಷ ಮೂರಕ್ಕೂ ಬೇರೆ ಬೇರೆ ಕಾಲಮ್ಮು. ಮೊದಲೇ ಹೀಗೆ ಮಾಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ನೀವು ಮಾಡಿ.

ತಾರೀಖು ಸರಿಯಾದವು. ಇನ್ನು ವಯಸ್ಸು. ದಡಾರ-ರುಬೆಲ್ಲಾ ಮೊದಲ ಡೋಸು ಒಂಬತ್ತು ತಿಂಗಳು ತುಂಬಿದ ಮೇಲೆ. ನಾನು ಎರಡು ತಾರೀಖು ಕಳೆದು, ಬಂದ ದಿನಗಳನ್ನು 30.4375ರಿಂದ ಭಾಗಿಸಿದೆ. 365.25ನ್ನು 12ರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, ಎಲ್ಲರೂ ಹಾಗೇ ಮಾಡುತ್ತಾರೆ. ಫಲಿತಾಂಶ ನೋಡಿ ಗೈಡ್ ಮೇಡಮ್ ಹುಬ್ಬೇರಿಸಿದರು. ಇಷ್ಟೊಂದು ಮಕ್ಕಳಿಗೆ ಒಂಬತ್ತು ತಿಂಗಳ ಮೊದಲೇ ಲಸಿಕೆ ಹಾಕಿದ್ದಾರಾ? ಸಿಸ್ಟರ್‌ಗಳು ಹಾಗೆ ಹಾಕುವುದಿಲ್ಲವಲ್ಲ?

ಆಗ ಕೋಥ್ರೂಡಿನ ಕಾಕಾನ ಹತ್ತಿರ ಹೋದೆ. ಧಾರವಾಡದವರು, ನಮ್ಮ ಅಪ್ಪನ ಗೆಳೆಯರು. ಔಷಧ ಪರೀಕ್ಷೆಗಳ ಡೇಟಾದಲ್ಲಿ ಸಾಸ್ ಬರೆದು ಬರೆದು ನಿವೃತ್ತಿಯಾದವರು. ಕಾಕು ಅವಲಕ್ಕಿ ಕೊಟ್ಟರು. ಕಾಕಾ ಕನ್ನಡಕ ಹಾಕಿಕೊಂಡು ಓಟಿನ ದಿನದ ಮಗುವಿನ ಸಾಲನ್ನೇ ಹಿಡಿದರು.

"ಆಗಸ್ಟ್ ಹತ್ತಕ್ಕ ಹುಟ್ಟೇದ. ಮೇ ಹತ್ತಕ್ಕ ಸೂಜಿ. ಎಷ್ಟು ತಿಂಗಳಾತವ್ವಾ?"

"ಒಂಬತ್ತು, ಕಾಕಾ."

"ನಿನ್ನ ಮಷಿನ್ ಎಷ್ಟಂತದ?"

ನೋಡಿದೆ. ದಿನ 273. ಭಾಗಿಸಿದರೆ 8.97. ಪೂರ್ತಿ ತಿಂಗಳು ಮಾತ್ರ ಇಟ್ಟುಕೊಂಡರೆ 8. ತಾಯಿ ಸರಿಯಾಗಿ ಒಂಬತ್ತು ತಿಂಗಳು ತುಂಬಿದ ದಿನವೇ ಹೋಗಿದ್ದಾಳೆ, ನಾನು ಅವಳ ಹೆಸರಿನ ಮುಂದೆ 'ಬೇಗ ಹಾಕಿಸಿದ್ದು, ತಪ್ಪು' ಅಂತ ಬರೆದಿದ್ದೇನೆ. ನಡುವೆ 28 ದಿನದ ಫೆಬ್ರವರಿ ಬಂದಿದೆಯಲ್ಲ, ಭಾಗಾಕಾರಕ್ಕೆ ಅದು ಗೊತ್ತಾಗುವುದಿಲ್ಲ. ತಿಂಗಳಿಗೆ 30 ಅಂತ ಹಿಡಿದರೆ 270ನೇ ದಿನಕ್ಕೇ ಒಂಬತ್ತು ಮುಗಿದುಬಿಡುತ್ತದೆ. ಅದೂ ತಪ್ಪು.

ಕಾಕಾ ನಕ್ಕರು. "ನಿಂಗ ಲೆಕ್ಕ ಬರ್ತದ, ಎಣಿಕಿ ಬರೂದಿಲ್ಲ."

ಸಾಸ್‌ನಲ್ಲೂ ಇಂಥದೇ ಬೋನು ಇದೆಯಂತೆ. ಇಂಟ್‌ಸಿಕೆ ಅನ್ನುವ ಫಂಕ್ಷನ್ನಿಗೆ ಎರಡು ತಾರೀಖು ಕೊಟ್ಟು ತಿಂಗಳು ಎಷ್ಟು ಅಂತ ಕೇಳಿದರೆ, ಅದು ಎಣಿಸುವುದು ತಿಂಗಳ ಗಡಿಗಳನ್ನು. ಏಪ್ರಿಲ್ 30ರಿಂದ ಮೇ 1ಕ್ಕೆ ಒಂದು ತಿಂಗಳು ಅನ್ನುತ್ತದೆ. ಡಿಸೆಂಬರ್ 31ರಿಂದ ಜನವರಿ 1ಕ್ಕೆ ವರ್ಷ ಕೇಳಿದರೆ ಒಂದು ವರ್ಷ! ಹುಟ್ಟಿದ ದಿನದಿಂದ ಎಣಿಸು ಅನ್ನಬೇಕಾದರೆ ಕೊನೆಗೆ 'ಸಿ' ಅಂತ ಇನ್ನೊಂದು ಮಾತು ಸೇರಿಸಬೇಕು. ಕಾಕಾ ನೌಕರಿಗೆ ಸೇರಿದ ಮೊದಲ ವರ್ಷ ಇದರಲ್ಲೇ ಬೈಸಿಕೊಂಡಿದ್ದರಂತೆ.

ಆರ್‌ನಲ್ಲಿ ಲೂಬ್ರಿಡೇಟ್ ಅನ್ನುವ ಪ್ಯಾಕೇಜು ಹಾಕಿಕೊಳ್ಳಿ. ಎರಡು ತಾರೀಖುಗಳ ನಡುವೆ ಒಂದು ಇಂಟರ್‌ವಲ್ ಮಾಡಿ, ಅದರೊಳಗೆ ಎಷ್ಟು ಪೂರ್ತಿ ತಿಂಗಳು ಕೂರುತ್ತವೆ ಅಂತ ಕೇಳಿ. 9 ಅಂತ ಹೇಳುತ್ತದೆ. ಎಕ್ಸೆಲ್‌ನಲ್ಲೇ ಮಾಡುವವರಿಗೆ ಡೇಟ್‌ಡಿಫ್ ಫಾರ್ಮುಲಾ ಇದೆ. ಹೊಡೆಯುವಾಗ ಪಟ್ಟಿಯಲ್ಲಿ ಅದರ ಹೆಸರು ಕಾಣಿಸುವುದಿಲ್ಲ, ಪೂರ್ತಿ ನಾವೇ ಬರೆಯಬೇಕು, ಆದರೆ ಕೆಲಸ ಮಾಡುತ್ತದೆ. ವಾರದ ಲೆಕ್ಕಕ್ಕೆ ಈ ರಗಳೆ ಇಲ್ಲ. ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾ ಲಸಿಕೆಯ ಆರು, ಹತ್ತು, ಹದಿನಾಲ್ಕು ವಾರ ಅಂದರೆ 42, 70, 98 ದಿನ. ಎರಡು ಡೋಸಿನ ನಡುವೆ ಕಡಿಮೆ ಅಂದರೆ 28.

'ಯಾವತ್ತು ಹಾಕಿಸಬೇಕಿತ್ತು' ಅಂತ ತೆಗೆಯಲು ಹುಟ್ಟಿದ ದಿನಕ್ಕೆ ಒಂಬತ್ತು ತಿಂಗಳು ಕೂಡಿಸಿದಾಗ ಕೆಲವು ಮಕ್ಕಳಿಗೆ ಖಾಲಿ ಬಂತು. ಎಲ್ಲರೂ ತಿಂಗಳ ಕೊನೆಯಲ್ಲಿ ಹುಟ್ಟಿದವರು. ಮೇ 31ಕ್ಕೆ ಒಂಬತ್ತು ತಿಂಗಳು ಕೂಡಿಸಿದರೆ ಫೆಬ್ರವರಿ 31, ಅಂಥ ದಿನ ಇಲ್ಲ, ಆರ್ ಸುಮ್ಮನೆ ಎನ್‌ಎ ಅಂತ ಇಟ್ಟುಬಿಡುತ್ತದೆ. ಬಯ್ಯುವುದೂ ಇಲ್ಲ. ತಿಂಗಳ ಕೊನೆಯ ದಿನಕ್ಕೆ ಇಳಿಸಿಕೊಳ್ಳುವ ಬೇರೆ ಕೂಡಿಸುವ ಚಿಹ್ನೆ ಲೂಬ್ರಿಡೇಟ್‌ನಲ್ಲೇ ಇದೆ, ಪ್ಲಸ್ಸಿನ ಆಚೀಚೆ ಪರ್ಸೆಂಟು, ಒಳಗೆ ಒಂದು ಎಂ. ಅದನ್ನು ಬಳಸಿ.

ಕಾಕಾನ ಜೊತೆ ಒಂದೇ ಒಂದು ಜಗಳ ಆಯಿತು. ಅವರು ತಮ್ಮ ಹಳೆಯ ಸಾಸ್ ಕೋಡು ಕೊಟ್ಟಿದ್ದರು. ಅದರಲ್ಲಿ ಎಲ್ಲ ಮಕ್ಕಳ ವಯಸ್ಸೂ ನನಗಿಂತ ಒಂದು ದಿನ ಜಾಸ್ತಿ. ಔಷಧ ಪರೀಕ್ಷೆಗಳಲ್ಲಿ ಮೊದಲ ದಿನಕ್ಕೇ 1 ಅನ್ನುತ್ತಾರಂತೆ, ಹಿಂದಿನ ದಿನ ಮೈನಸ್ 1, ನಡುವೆ ಸೊನ್ನೆಯೇ ಇಲ್ಲ. ನಾವೂ ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವಾಗ ಹುಟ್ಟಿದ ದಿನವನ್ನೇ ಒಂದು ಅಂತ ಎಣಿಸುತ್ತೇವಲ್ಲ, ಹಾಗೆ. ಲಸಿಕೆಯ ಲೆಕ್ಕದಲ್ಲಿ ಮಾತ್ರ ಹುಟ್ಟಿದ ದಿನ ಸೊನ್ನೆ. ಕೊನೆಗೆ ಕಾಕಾನೇ ಒಪ್ಪಿ ಆ ಕೂಡುವ 1ನ್ನು ಅಳಿಸಿದರು. ಹಳೆ ಕೋಡು ಯಾರಿಂದ ತಂದರೂ ಇದನ್ನೊಂದು ನೋಡಿಕೊಳ್ಳಿ.

ಇನ್ನು ಗಂಟೆಯ ಕಥೆ. ಹೆಪಟೈಟಿಸ್ ಬಿ ಮೊದಲ ಡೋಸು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ಅದಕ್ಕೆ ಹುಟ್ಟಿದ ಹೊತ್ತನ್ನೂ ಬರೆದುಕೊಂಡಿದ್ದೆ. ಆ ತಾರೀಖು-ಗಂಟೆ ಕಾಲಮ್ಮಿನಿಂದ ಬರೀ ತಾರೀಖು ತೆಗೆದಾಗ, ಬೆಳಗಿನ ಜಾವ ಹುಟ್ಟಿದ ಮಕ್ಕಳೆಲ್ಲ ಹಿಂದಿನ ದಿನಕ್ಕೆ ಹೋಗಿಬಿಟ್ಟರು. ಎರಡು ಗಂಟೆಗೆ ಹುಟ್ಟಿದ್ದು, ನಾಲ್ಕಕ್ಕೆ ಹುಟ್ಟಿದ್ದು, ಎಲ್ಲ. ಆರಕ್ಕೆ ಹುಟ್ಟಿದ ಮಗು ಮಾತ್ರ ಸರಿಯಾಗಿತ್ತು. ಐದೂವರೆ ಅನ್ನುವ ಸಂಖ್ಯೆ ಹೊಳೆಯಲು ಎರಡು ದಿನ ಬೇಕಾಯಿತು. ಗ್ರೀನಿಚ್ ಸಮಯಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ! ಲ್ಯಾಬಿನ ಕಂಪ್ಯೂಟರಿನಲ್ಲಿ ಆರ್‌ನ ಹಳೆಯ ಆವೃತ್ತಿ ಇತ್ತು, ಅದು ತಾರೀಖು ತೆಗೆಯುವಾಗ ಗ್ರೀನಿಚ್ ಸಮಯಕ್ಕೆ ಹೋಗುತ್ತದೆ. 4.3 ಆವೃತ್ತಿಯಿಂದ ಈಚೆಗೆ ಅದು ಬದಲಾಗಿದೆ. ಏನೇ ಇರಲಿ, ಏಷ್ಯಾ/ಕೋಲ್ಕತ್ತಾ ಅಂತ ನಾವೇ ಬರೆದುಬಿಡುವುದು ವಾಸಿ.

ನನ್ನ ಲ್ಯಾಪ್‌ಟಾಪಿನದು ಇನ್ನೊಂದು ತಮಾಷೆ. ಅಭಿಮಾನದಿಂದ ಭಾಷೆ ಕನ್ನಡ ಇಟ್ಟುಕೊಂಡಿದ್ದೆ. 12-ಜುಲ್-2023 ಅಂತ ಇಂಗ್ಲಿಷಿನಲ್ಲಿ ಬರೆದ ತಿಂಗಳು ಅದಕ್ಕೆ ಅರ್ಥವಾಗದೆ ಎಲ್ಲ ಖಾಲಿ. ಆರ್‌ಗೆ ಸಮಯದ ಭಾಷೆಯನ್ನು ಮಾತ್ರ ಬದಲಿಸುವ ಒಂದು ಸಾಲು ಇದೆ, ಹಾಕಿದೆ, ಸರಿಹೋಯಿತು. ಅಭಿಮಾನ ಹಾಗೇ ಇದೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕಾರ್ಡೇ ಇಲ್ಲದ ಮಕ್ಕಳು. ಊರಲ್ಲಿ ಹೆರಿಗೆಯಾದವರ ಹತ್ತಿರ ತಾಯಿ ಕಾರ್ಡು ಇರುತ್ತದೆ, ಆದರೆ ಶೆಡ್ಡಿನಿಂದ ಶೆಡ್ಡಿಗೆ ಹೋಗುವಾಗ ಮಳೆಗೆ ನೆನೆದು ಹೋಗಿರುತ್ತದೆ. ತಿಂಗಳು ಗೊತ್ತು, ದಿನ ಗೊತ್ತಿಲ್ಲ ಅನ್ನುವವರಿಗೆ 15 ಅಂತ ಹಾಕಿದೆ. ಪಕ್ಕದ ಕಾಲಮ್ಮಿನಲ್ಲಿ 'ದಿನ ಊಹೆ' ಅಂತ ಗುರುತು. ಈ ಗುರುತಿನ ಕಾಲಮ್ಮು ಕಾಕಾ ಕಲಿಸಿದ್ದು, ಔಷಧ ಕಂಪನಿಗಳಲ್ಲಿ ಇದಿಲ್ಲದೆ ಫೈಲು ಮುಂದೆ ಹೋಗುವುದಿಲ್ಲವಂತೆ. ತಾಯಂದಿರ ಹುಟ್ಟಿದ ತಾರೀಖು ಆಧಾರಿನಿಂದ ಬರೆದುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಜನ ಜನವರಿ 1 ಇಲ್ಲವೇ ಜೂನ್ 1. ಸಾಲೆ ಮಾಸ್ತರು ಬರೆದ ಜೂನ್ 1 ನಮ್ಮಪ್ಪನದೂ ಹೌದು, ಹಾಗಾಗಿ ಆಶ್ಚರ್ಯವಾಗಲಿಲ್ಲ. ತಾಯಿಯ ವಯಸ್ಸನ್ನು ವರ್ಷದಲ್ಲಿ ಮಾತ್ರ ಹೇಳಿ ಕೈತೊಳೆದುಕೊಂಡೆ.

ಒಂದು ಫಾರ್ಮಿನಲ್ಲಿ ನಾನು ಹೀಗೆ ಬರೆದಿದ್ದೆ: 'ಹೋದ ವರ್ಸ ಎಳ್ಳ ಅಮಾಸಿ ದಿನಾ ಹುಟ್ಯಾಳ್ರಿ.' ಚೆನ್ನಾಯಿತು, ದಿನವೇ ಸಿಕ್ಕಿತು ಅಂತ ಆಗ ಖುಷಿಪಟ್ಟಿದ್ದೆ. ಡಿಸೆಂಬರಿನಲ್ಲಿ ಪಂಚಾಂಗ ತೆಗೆದರೆ 2022ರಲ್ಲಿ ಎಳ್ಳು ಅಮಾವಾಸ್ಯೆ ಎರಡು ಸಲ ಬಂದಿದೆ. ಜನವರಿ 2ಕ್ಕೆ ಒಂದು, ಡಿಸೆಂಬರ್ 23ಕ್ಕೆ ಇನ್ನೊಂದು. 2023ರಲ್ಲಿ ಒಂದೂ ಇಲ್ಲ. ಅಧಿಕ ಮಾಸ ಬಂದಿದ್ದರಿಂದ ಮುಂದಿನದು 2024ರ ಜನವರಿ 11ಕ್ಕೆ. 2022ರ ಆ ಎರಡರ ನಡುವೆ 355 ದಿನ. ಒಂದು ಲೆಕ್ಕದಲ್ಲಿ ನಾನು ಹೋದ ದಿನ ಆ ಹುಡುಗಿಗೆ ಒಂದೂವರೆ ವರ್ಷ, ದಡಾರದ ಲಸಿಕೆ ತಪ್ಪಿಸಿಕೊಂಡವಳು. ಇನ್ನೊಂದರಲ್ಲಿ ಆರು ತಿಂಗಳು ದಾಟಿದ ಕೂಸು, ಆ ಲಸಿಕೆಯ ಹೊತ್ತೇ ಬಂದಿಲ್ಲ. ಮುಖ ನೆನಪು ಮಾಡಿಕೊಳ್ಳಲು ನೋಡಿದೆ. 318 ಮುಖಗಳಲ್ಲಿ ಎಲ್ಲಿ ಸಿಗಬೇಕು?

ಕ್ಯಾಂಪಿಗೆ ಹೋದೆ. ಬಿಲ್ಡಿಂಗು ಮುಗಿದು ಶೆಡ್ಡುಗಳನ್ನು ಕಿತ್ತಿದ್ದರು. ಕಾರು ನಿಲ್ಲಿಸುವ ಜಾಗಕ್ಕೆ ಹಳದಿ ಗೆರೆ ಹೊಡೆಯುತ್ತಿದ್ದರು. ಮತ್ತೆ ಫೋನ್ ಮಾಡಬಹುದು ಅಂತ ಒಪ್ಪಿಗೆ ಪತ್ರದಲ್ಲಿ ಸೇರಿಸಿದ್ದು ಪುಣ್ಯಕ್ಕೆ ಕೆಲಸಕ್ಕೆ ಬಂತು. ನೀವೂ ಆ ಸಾಲು ಸೇರಿಸಿ. ನಾಲ್ಕು ದಿನ ಸ್ವಿಚ್ ಆಫ್. ಐದನೇ ದಿನ ಎತ್ತಿದಳು. ತೊಗರಿ ರಾಶಿಗೆ ಊರಿಗೆ ಹೋಗಿದ್ದಳು, ಹಿಂದೆ ಮಷಿನ್ನಿನ ಸದ್ದು.

"ಮಗಳು ನಡೀಲಿಕ್ಕೆ ಹತ್ಯಾಳೇನವ್ವಾ?" ಅಂತ ಕೂಗಿದೆ.

"ಇಲ್ಲ್ರೀ ಮೇಡಮ್, ಈಗೀಗ ಗ್ವಾಡಿ ಹಿಡ್ಕೊಂಡು ನಿಂದರಾಕ ಹತ್ಯಾಳ. ಒಂಬತ್ತನೇ ತಿಂಗಳಿಂದು ಸೂಜಿ ಹಾಕಿಸೀನ್ರಿ, ನೀವು ಹೇಳಿದ್ರೆಲ್ಲಾ."

ಡಿಸೆಂಬರ್ 23. ಫೈಲಿನಲ್ಲಿ ಬರೆದೆ.

ಫೆಬ್ರವರಿ ಕೊನೆಗೆ ಎಲ್ಲ ಕೂಡಿಬಂತು. ಹುಟ್ಟುವ ಮೊದಲೇ ಲಸಿಕೆ ಹಾಕಿಸಿಕೊಂಡ ಮಗು ಇಲ್ಲ, ನಾನು ಹೋದ ಮೇಲೆ ಬಿದ್ದ ಸೂಜಿ ಇಲ್ಲ, ಆ ಕ್ಯಾಂಪಿನಲ್ಲಿ ಬುಧವಾರ ಬಿಟ್ಟು ಬೇರೆ ವಾರ ಇಲ್ಲ. 'ಒಂಬತ್ತು ತಿಂಗಳಿಗಿಂತ ಮೊದಲು' ಅನ್ನುವ ಪಟ್ಟಿಯಲ್ಲಿ ನಾಲ್ಕೇ ಮಕ್ಕಳು ಉಳಿದರು. ಗೈಡ್ ಮೇಡಮ್ ಈ ಸಲ ಹುಬ್ಬು ಏರಿಸಲಿಲ್ಲ. ಒಂದು ಟೇಬಲ್ಲು ಹಳೆಯದೇ ಪ್ರಿಂಟ್ ಆಗಿ ಹೋಗಿ ಮತ್ತೆ 600 ರೂಪಾಯಿ ದಂಡ ಕೊಟ್ಟಿದ್ದನ್ನು ಬಿಟ್ಟರೆ ಕೊನೆಯ ವಾರ ಆರಾಮ.

ಸಲ್ಲಿಸುವ ಹಿಂದಿನ ರಾತ್ರಿ ಕಮಿಟಿಯ ಷರತ್ತಿನಂತೆ ಹುಟ್ಟಿದ ತಾರೀಖಿನ ಕಾಲಮ್ಮು ಅಳಿಸಿದೆ. ಮೂಲ ಫಾರ್ಮುಗಳು ಇಲಾಖೆಯ ಬೀರುವಿನಲ್ಲಿವೆ, ಬೀಗ ಮೇಡಮ್ ಹತ್ತಿರ.

ಮೊನ್ನೆ ಮಧ್ಯಾಹ್ನ ಫೋನು ಬಂತು. ತೊಗರಿ ರಾಶಿಯ ತಾಯಿ. ಮತ್ತೆ ಪುಣೆಗೆ ಬಂದಿದ್ದಾಳೆ, ಈಗ ಬೇರೆ ಸೈಟು. "ಹದಿನಾರನೇ ತಿಂಗಳು ತುಂಬಿದ ಮ್ಯಾಲ ಇನ್ನೊಂದು ಸೂಜಿ ಅದ ಅಂದಿದ್ರೆಲ್ಲಾ, ಯಾವಾಗ ತುಂಬ್ತಾವ್ರಿ?" ಲ್ಯಾಪ್‌ಟಾಪು ತೆಗೆಯಲಿಲ್ಲ. ಬೆರಳು ಮಡಚಿ ಎಣಿಸಿದೆ, ಏಪ್ರಿಲ್ 23. ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದೆ.

"ದವನದ ಹುಣ್ಣಿಮಿ ದಿನಾ ತುಂಬ್ತಾವು ನೋಡವ್ವಾ. ಅದು ಮುಗಿದ ಮ್ಯಾಲ ಸಿಸ್ಟರ್ ಬಂದಾಗ ಹೋಗು."

"ಹಾಂ, ತಿಳೀತ್ರಿ," ಅಂದಳು.